ನಾಲ್ಕನೆಯ ವಚನ

ರೆಡೊಂಡೊ ಬೀಚ್
2 ಫೆಬ್ರವರಿ 2021

ಅತ್ತೆಯವರಿಗೆ,

ಹತ್ತೊಂಬತ್ತು ದಿನದಿಂದ ಫೋನ್ ಮಾಡುತ್ತಿದ್ದೇನೆ. ಪ್ರತಿ ಸಲವೂ ಪ್ರಮೀಳಾನೇ ಎತ್ತುತ್ತಾಳೆ. "ವೈನಿ, ಅವ್ವ ಮಾತಾಡಂಗಿಲ್ಲ ಅಂತಾಳ. ಹೇಳೂದಿದ್ರ ಕಾಗದ ಬರೀಲಿ ಅಂತಾಳ," ಎಂದಳು ನಿನ್ನೆ. ಎರಡು ಗಂಟೆ ಡ್ರೈವ್ ದೂರದ ಸ್ಯಾನ್ ಡಿಯೇಗೊಗೆ ಕಾಗದ! ಆಗಲಿ, ಬರೆಯುತ್ತೇನೆ. ಸ್ಕೂಲು ಬಿಟ್ಟ ಮೇಲೆ ಕನ್ನಡದಲ್ಲಿ ಒಂದು ಪುಟ ಬರೆದವಳಲ್ಲ ನಾನು. ನೀವು ಮೂವತ್ತೆಂಟು ವರ್ಷ ಕನ್ನಡ ಟೀಚರ್ ಆಗಿದ್ದವರು. ದಯವಿಟ್ಟು ಕೆಂಪು ಪೆನ್ನು ಹಿಡಿಯಬೇಡಿ.

ನಿಮ್ಮ ಸಿಟ್ಟು ಯಾಕೆಂದು ಗೊತ್ತು. ನಿಮ್ಮ ಮಗನನ್ನು ನಾನು ಹೂಳಲಿಲ್ಲ, ಸುಟ್ಟೆ. ಆದರೆ ಆ ದಿನಗಳು ಹೇಗಿದ್ದವು ಎಂದು ಒಂದು ಸಲ ಕೇಳಿ.

ಕರುಣಾಕರ ಹೋದದ್ದು ಸಂಕ್ರಾಂತಿಯ ಮಧ್ಯಾಹ್ನ. ಸಂಜೆಯಿಂದ ಹನ್ನೊಂದು ಫ್ಯೂನರಲ್ ಹೋಮುಗಳಿಗೆ ಫೋನ್ ಮಾಡಿದೆ. ಎಲ್ಲ ಕಡೆ ಸೋಂಕಿನ ಸಾವು, ಆರು ಕಡೆ ಎತ್ತಲೇ ಇಲ್ಲ. ಒಬ್ಬ, ಹೂಳುವುದಾದರೆ ಮಾರ್ಚ್ ಮೊದಲ ವಾರ ಎಂದ. ಅಲ್ಲಿಯವರೆಗೆ ಎಲ್ಲಿಡುತ್ತೀರಿ ಎಂದು ಕೇಳಿದೆ. "ರೆಫ್ರಿಜರೇಟೆಡ್ ಟ್ರಕ್ ಮ್ಯಾಮ್, ಪಾರ್ಕಿಂಗ್ ಲಾಟ್‌ನಲ್ಲಿ," ಎಂದ. ಏಳು ವಾರ ಕರುಣ ಒಂದು ಟ್ರಕ್ಕಿನೊಳಗೆ, ನಂಬರ್ ಕಟ್ಟಿಸಿಕೊಂಡು! ನನ್ನ ಅಪ್ಪ ರಾಜಾಜಿನಗರದ ಮನೆಯಲ್ಲಿ ಬೆಳಿಗ್ಗೆ ಹೋದವರು. ಸಂಜೆ ದೀಪ ಹಚ್ಚುವ ಮೊದಲು ಎಲ್ಲ ಮುಗಿದಿತ್ತು. ನಮ್ಮಲ್ಲಿ ಹೋದವರನ್ನು ಕಾಯಿಸುವುದಿಲ್ಲ, ಕಾಯಿಸಿದರೆ ಅವಮಾನ ಮಾಡಿದ ಹಾಗೆ. ಸುಡುವುದಾದರೆ ಎಂಟು ದಿನ ಎಂದರು. ಸೈನ್ ಮಾಡಿದೆ. ನಿಮ್ಮನ್ನು ಕೇಳಬೇಕು ಅಂತ ನೆನಪಾದದ್ದು ಪೆನ್ನು ಕೆಳಗಿಟ್ಟ ಮೇಲೆ. ಇದು ದೇವರಾಣೆ ನಿಜ.

ಇನ್ನೊಂದು ಹೇಳಬೇಕು. ಕೊನೆಯ ದಿನ ನರ್ಸ್ ಐದು ನಿಮಿಷ ಟ್ಯಾಬ್ಲೆಟ್ ಹಿಡಿದು ಅವರನ್ನು ತೋರಿಸಿದಳು. ವೆಂಟಿಲೇಟರ್ ಹಾಕುವ ಮೊದಲು. ಆಗ ಅವರು ಬೈಬಲಿನ ಕುರುಬನ ಕೀರ್ತನೆಯನ್ನು ಹೇಳಿಕೊಂಡರು, ಕನ್ನಡದಲ್ಲಿ, ನೀವು ಸಂಡೇ ಸ್ಕೂಲಿನಲ್ಲಿ ಕಲಿಸಿದ್ದನ್ನೇ. ಸಮಾಧಾನವಾಗಿ ಇದ್ದರು. ಇದು ನಿಮಗೆ ಗೊತ್ತಿರಲಿ ಅಂತ.

ನಿಮ್ಮ
ಸೌಜನ್ಯಾ

*

ಮಿರಾ ಮೇಸಾ, ಸ್ಯಾನ್ ಡಿಯೇಗೊ
19 ಫೆಬ್ರವರಿ 2021

ಸೌಜನ್ಯಾ,

ಕಾಗದ ಬಂತು. ಕೆಂಪು ಪೆನ್ನು ಹಿಡಿಯಲಿಲ್ಲ. ನೀನು ಕೇಳಿಕೊಂಡೆ ಅಂತಲ್ಲ, ಕೈಯಲ್ಲಿ ಶಕ್ತಿ ಇಲ್ಲ.

ಸಿಟ್ಟು ಇದೆ. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಫೋನಿನಲ್ಲಿ ಆಡಿದರೆ ಏನೇನೋ ಆಡುತ್ತೇನೆ, ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಕಾಗದವಾದರೆ ಹರಿದು ಹಾಕಬಹುದು. ಇದಕ್ಕೆ ಮೊದಲು ನಾಲ್ಕು ಹರಿದಿದ್ದೇನೆ.

ನೀನು ಹದಿನಾರು ವರ್ಷ ನಮ್ಮ ಮನೆಯ ಸೊಸೆ. ಆದರೂ ಈಸ್ಟರ್ ಅಂದರೆ ಕೇಕು, ಹೊಸ ಸೀರೆ ಅಂತಲೇ ತಿಳಿದುಕೊಂಡೆಯೋ ಏನೋ. ಬೆಟಗೇರಿಯಲ್ಲಿ ಈಸ್ಟರಿನ ಹಿಂದಿನ ದಿನ ಊರಿನ ನಮ್ಮ ಜನವೆಲ್ಲ ಬಕೆಟ್ ಹಿಡಿದು ಸಮಾಧಿಗಳ ಹತ್ತಿರ ಹೋಗುತ್ತಿದ್ದೆವು. ಹುಲ್ಲು ಕೀಳುವುದು, ಸುಣ್ಣ ಬಳಿಯುವುದು, ಹೆಸರಿನ ಮೇಲೆ ಹೊಸ ಕರಿ ಬಣ್ಣ. ಮರುದಿನ ಸೂರ್ಯ ಹುಟ್ಟುವ ಮೊದಲು ಮೇಣದಬತ್ತಿ, ಕನಕಾಂಬರ. ಎಲ್ಲ ಸಮಾಧಿಗಳೂ ಪೂರ್ವಕ್ಕೆ ಕಾಲು. ಎದ್ದು ಕುಳಿತರೆ ನೇರ ಬೆಳಕಿಗೆ ಮುಖ ಅಂತ. ಅಲ್ಲಿ ನಿಂತು ಹಾಡುತ್ತಿದ್ದೆವು. ನನ್ನ ಗಂಡ ಎಲ್ಲಿ, ಅವರ ತಾಯಿ ಎಲ್ಲಿ, ಯಾರ ಪಕ್ಕ ಯಾರು ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಒಂದು ದಿನ ಎಲ್ಲರೂ ಏಳುತ್ತಾರೆ ಎಂಬುದು ನಮಗೆ ಪುಸ್ತಕದ ಮಾತಲ್ಲ. ಎಲ್ಲಿ ಏಳುತ್ತಾರೆ ಅಂತ ಜಾಗ ಗೊತ್ತಿತ್ತು.

ಕರುಣನ ಎಡ ಹುಬ್ಬಿನ ಮೇಲಿನ ಗಾಯದ ಗುರುತು ನೆನಪಿದೆಯಲ್ಲ? ಎಂಟು ವರ್ಷದವನಿದ್ದಾಗ ನಮ್ಮ ಚರ್ಚಿನ ಗಂಟೆಯ ಹಗ್ಗಕ್ಕೆ ಜೋತುಬಿದ್ದು ಮೆಟ್ಟಿಲಿಗೆ ಬಡಿಸಿಕೊಂಡ. ಐದು ಹೊಲಿಗೆ. ಸಮಾಧಿಯಿಂದ ಎದ್ದುಬಂದ ಕರ್ತನ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು ಎಂದು ಮಕ್ಕಳಿಗೆ ಪಾಠ ಮಾಡಿದವಳು ನಾನು. ಅದಕ್ಕೇ ಎಷ್ಟು ಜನರ ಗದ್ದಲದಲ್ಲಿಯೂ ನನ್ನ ಮಗನನ್ನು ಆ ಗುರುತಿನಿಂದ ಹಿಡಿಯುತ್ತೇನೆ ಎಂದು ನಂಬಿದ್ದೆ. ಈಗ ಬೂದಿಯಲ್ಲಿ ಹುಬ್ಬು ಎಲ್ಲಿ ಹುಡುಕಲಿ, ನೀನೇ ಹೇಳು.

ಒಂದು ಪ್ರಶ್ನೆ. ಕೀರ್ತನೆ ಹೇಳಿದ ಎಂದೆ. ಎಷ್ಟು ಹೇಳಿದ? ನಾಲ್ಕನೆಯ ವಚನವನ್ನೂ ಹೇಳಿದನೇ?

ಕುಮುದಾ

*

ರೆಡೊಂಡೊ ಬೀಚ್
12 ಮಾರ್ಚ್ 2021

ಅತ್ತೆಯವರಿಗೆ,

ಹೇಳಿದರು. ಆರೂ ವಚನ ಹೇಳಿದರು. ನಾಲ್ಕನೆಯದನ್ನು ಸ್ವಲ್ಪ ನಿಧಾನವಾಗಿ.

ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಗ್ಲೆಂಡೇಲಿನ ಆಫೀಸು ಮುಚ್ಚಿದೆ, ಕೆಲಸವೆಲ್ಲ ಊಟದ ಟೇಬಲ್ಲಿನ ಮೇಲೆ. ಅರ್ಧ ಗಂಟೆ ಕೂತರೆ ಎದ್ದು ಏನಾದರೂ ಒರೆಸುತ್ತೇನೆ. ಒರೆಸಿದ್ದನ್ನೇ ಒರೆಸುತ್ತೇನೆ. ಅವರ ಬೂದಿಯ ಪೆಟ್ಟಿಗೆಯನ್ನು ಮೊದಲು ಪುಸ್ತಕದ ಶೆಲ್ಫಿನ ಮೇಲೆ ಇಟ್ಟಿದ್ದೆ. ಅಲ್ಲಿ ಬಿಸಿಲು ಬೀಳುತ್ತದೆ ಅನ್ನಿಸಿತು. ಬೀರುವಿಗೆ ಇಟ್ಟೆ. ಕತ್ತಲೆ ಅನ್ನಿಸಿತು. ಈಗ ಅವರ ಮೀನು ಹಿಡಿಯುವ ಸಾಮಾನಿನ ಪಕ್ಕ ಇಟ್ಟಿದ್ದೇನೆ. ಅಲ್ಲಿ ಇಷ್ಟವಾದೀತು ಅಂತ. ಇಡೀ ವಾರ ವಿಮಾನದ ಬೆಸುಗೆಗಳನ್ನು ಲೆನ್ಸು ಹಿಡಿದು ನೋಡಿ, ಶನಿವಾರ ಸಮುದ್ರದ ಪಿಯರ್ ಮೇಲೆ ಗಾಳ ಹಾಕಿ ಕೂತರೆ ಅವರಿಗೆ ಸ್ವರ್ಗ. ಒಂದು ಮೀನೂ ಸಿಗದೆ ಬಂದರೂ ಸ್ವರ್ಗ.

ಏಪ್ರಿಲ್ ನಾಲ್ಕಕ್ಕೆ ಈಸ್ಟರ್ ಅಲ್ಲವೇ? ಪೆಟ್ಟಿಗೆ ತರುತ್ತೇನೆ. ಸಮಾಧಿ ಎಲ್ಲಿ ಮಾಡಿಸಬೇಕು ಹೇಳಿ, ಮಾಡಿಸುತ್ತೇನೆ. ನೀವು ಹಾಡಿ, ಮೇಣದಬತ್ತಿ ಹಚ್ಚಿ. ಚೈತನ್ಯಾ ಹದಿಮೂರಕ್ಕೇ ನನಗಿಂತ ದೊಡ್ಡವಳ ಹಾಗೆ ಆಡುತ್ತಾಳೆ, ಅಪ್ಪ ಹೋದರೂ ಅಳುವುದೇ ಇಲ್ಲ. ಅವಳಿಗಾದರೂ ಒಂದು ಜಾಗ ಬೇಕು.

ಸೌಜನ್ಯಾ

*

ಮಿರಾ ಮೇಸಾ
5 ಏಪ್ರಿಲ್ 2021

ಸೌಜನ್ಯಾ,

ನಿನ್ನೆ ಈಸ್ಟರ್ ಆಯಿತು. ಪ್ರಮೀಳಾ ಲ್ಯಾಪ್‌ಟಾಪ್ ಹಚ್ಚಿ ಕೊಟ್ಟಳು. ಪಾಸ್ಟರ್ ತಮ್ಮ ಗ್ಯಾರೇಜಿನಿಂದ ಮಾತಾಡಿದರು. ಎಲ್ಲರ ಮೈಕೂ ಮುಚ್ಚಿತ್ತು, ಹಾಡಿದ್ದು ನನಗೆ ನಾನೇ.

ಪೆಟ್ಟಿಗೆ ತರಬೇಡ. ಅದನ್ನು ನೋಡುವ ಧೈರ್ಯ ನನಗಿಲ್ಲ. ಇನ್ನು ಇದರ ಬಗ್ಗೆ ಬರೆಯಬೇಡ.

ಚೈತನ್ಯಾಗೆ ನನ್ನ ಮುತ್ತು ಕೊಡು. ಅವಳು ಪ್ರತಿ ಭಾನುವಾರ ಪ್ರಮೀಳಾಳ ಫೋನಿಗೆ ಬರಲಿ. ಅವಳ ಮೇಲೆ ನನಗೇನೂ ಸಿಟ್ಟಿಲ್ಲ.

ಕುಮುದಾ

*

ರೆಡೊಂಡೊ ಬೀಚ್
14 ನವೆಂಬರ್ 2021

ಅತ್ತೆಯವರಿಗೆ,

ಏಳು ತಿಂಗಳು ಸುಮ್ಮನಿದ್ದೆ. ಇವತ್ತು ಬರೆಯದೆ ಗತಿಯಿಲ್ಲ.

ನಿನ್ನೆ ಶನಿವಾರ ಬೆಳಿಗ್ಗೆ ಏನನ್ನಿಸಿತೋ, ಪೆಟ್ಟಿಗೆಯನ್ನು ಕಾರಿನಲ್ಲಿ ಪಕ್ಕದ ಸೀಟಿಗೆ ಇಟ್ಟು ಹೊರಟುಬಿಟ್ಟೆ. ಸೀಟ್ ಬೆಲ್ಟ್ ಹಾಕಿಲ್ಲ ಎಂದು ಕಾರು ಕುಯ್ಯೋ ಎಂದು ಹೊಡೆದುಕೊಳ್ಳಲು ಶುರುಮಾಡಿತು. ಅಷ್ಟು ಭಾರ ಇದ್ದಾರೆ ಅವರು ಇನ್ನೂ. ಬೆಲ್ಟ್ ಹಾಕಿದೆ. ನಗು ಬಂತು, ಆಮೇಲೆ ಏನು ಬಂತೋ ಬಿಡಿ. ನಿಮ್ಮ ಬಾಗಿಲಿಗೆ ಬಂದು ನಿಲ್ಲುವುದು, ಏನಾಗುತ್ತದೋ ಆಗಲಿ ಎಂದುಕೊಂಡಿದ್ದೆ. ಓಷನ್‌ಸೈಡ್‌ವರೆಗೆ ಬಂದೆ. ಇನ್ನು ಮುಕ್ಕಾಲು ಗಂಟೆ. ಗ್ಯಾಸ್ ಹಾಕಿಸಿಕೊಂಡು ವಾಪಸ್ ಹೊರಟೆ. ತರಬೇಡ ಎಂದು ನೀವು ಬರೆದದ್ದು ಕಣ್ಣ ಮುಂದೆ ಬಂತು. ನಿಮ್ಮ ಅಕ್ಷರ ಬೇರೆ ಅಷ್ಟು ಗುಂಡಗೆ, ಪಾಠದ ಬೋರ್ಡಿನ ಮೇಲೆ ಬರೆದ ಹಾಗೆ ಇರುತ್ತದೆ.

ಹಿಂದಿನ ಸೀಟಿನಲ್ಲಿ ಚೈತನ್ಯಾ ಇದ್ದಳು. ಇಡೀ ದಾರಿ ಇಯರ್‌ಫೋನ್ ಹಾಕಿಕೊಂಡಿದ್ದವಳು ಸ್ಯಾನ್ ಕ್ಲೆಮೆಂಟೆ ದಾಟುವಾಗ ತೆಗೆದು ಕೇಳಿದಳು: "ಅಜ್ಜಿ ಸೇಸ್ ಡ್ಯಾಡಿ ವಿಲ್ ಗೆಟ್ ಅಪ್. ಲೈಕ್, ಆಕ್ಚುಯಲಿ ಗೆಟ್ ಅಪ್. ಈಸ್ ದಟ್ ಟ್ರೂ, ಅಮ್ಮ? ಈವನ್ ಫ್ರಮ್ ದಿ ಬಾಕ್ಸ್?"

"ನಂಗೊತ್ತಿಲ್ಲ ಪುಟ್ಟ," ಅಂದೆ. ಬೇರೆ ಏನು ಹೇಳಲಿ? ಅವಳು ಮತ್ತೆ ಇಯರ್‌ಫೋನ್ ಹಾಕಿಕೊಂಡಳು.

ಹದಿನಾರು ವರ್ಷ ನಿಮ್ಮ ಜೊತೆ ಚರ್ಚಿನಲ್ಲಿ ಕೂತೆ. ಕರುಣನಿಗೋಸ್ಕರ ಬರುತ್ತಿದ್ದೆ. ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ. ನೀವೆಲ್ಲ ನಂಬುವುದು ಏನು ಅಂತ ಒಂದು ದಿನವೂ ಕೇಳಲಿಲ್ಲ. ನೀವೂ ಹೇಳಲಿಲ್ಲ, ಬಿಡಿ. ಈಗ ಕೇಳುತ್ತಿದ್ದೇನೆ. ಆ ಹುಡುಗಿಗೆ ನಾನು ಏನು ಹೇಳಲಿ? ಸುಟ್ಟವರು ಏಳುತ್ತಾರೋ ಇಲ್ಲವೋ? ನನ್ನಿಂದ ಅವರ ದಾರಿ ಮುಚ್ಚಿಹೋಯಿತೇ? ಹೌದು ಎಂದಾದರೆ ಹೌದು ಎಂದೇ ಬರೆಯಿರಿ. ಸುಮ್ಮನಿರಬೇಡಿ. ನಿಮ್ಮ ಬೈಗುಳ ತಡೆದುಕೊಂಡೇನು, ಇದು ತಡೆಯಲಾಗುವುದಿಲ್ಲ.

ಸೌಜನ್ಯಾ

*

ಮಿರಾ ಮೇಸಾ
9 ಜನವರಿ 2022

ಸೌಜನ್ಯಾ,

ಓಷನ್‌ಸೈಡ್‌ನಿಂದ ವಾಪಸ್ ಹೋದೆ ಎಂದು ಓದಿ ಎರಡು ದಿನ ಊಟ ಸೇರಲಿಲ್ಲ. ಮೊದಲು ಸಿಟ್ಟು ಬಂದದ್ದು ನನ್ನ ಮೇಲೆ.

ಒಂದು ಹಳೆಯ ಮಾತು ಹೇಳುತ್ತೇನೆ, ನಾನಾಗ ಒಂಬತ್ತು ವರ್ಷದವಳು. ನನ್ನ ಅಪ್ಪ ಹಳ್ಳಿಹಳ್ಳಿಗೆ ನಡೆದು ಸುವಾರ್ತೆಯ ಪುಸ್ತಕ ಮಾರುತ್ತಿದ್ದರು. ಮುಂಡರಗಿಯ ಆಚೆ ತುಂಗಭದ್ರೆ ದಾಟುವಾಗ ಹರಿಗೋಲು ಮಗುಚಿತು. ನಾಲ್ಕು ಜನ ಸಿಕ್ಕರು, ಅಪ್ಪ ಸಿಗಲಿಲ್ಲ. ಹನ್ನೊಂದು ದಿನ ಹುಡುಕಿದರು. ಆಮೇಲೆ ನಮ್ಮವ್ವ ಅಪ್ಪನ ಕರಿ ಕೋಟನ್ನು ಮಡಚಿ, ಕಿತ್ತುಹೋಗಿದ್ದ ಒಂದು ಗುಂಡಿಯನ್ನು ಹೊಲಿದು, ಪೆಟ್ಟಿಗೆಯಲ್ಲಿಟ್ಟು ಹೂಳಿಸಿದಳು. ಪ್ರತಿ ಈಸ್ಟರಿಗೆ ಆ ಕೋಟಿನ ಸಮಾಧಿಗೆ ಸುಣ್ಣ ಬಳಿಯುತ್ತಿದ್ದೆವು. ನಾನು ನದಿಯ ಮೀನು ತಿನ್ನುವುದನ್ನು ಬಿಟ್ಟಿದ್ದೆ. ಯಾಕೆಂದು ನೀನೇ ತಿಳಿದುಕೋ.

ಒಂದು ವರ್ಷ ಕೇಳಿಬಿಟ್ಟೆ. "ಅವ್ವಾ, ಇದರಾಗ ಅಪ್ಪ ಇಲ್ಲಲ್ಲ. ಎಲ್ಲಾರೂ ಏಳೂ ದಿನ ಇಲ್ಲಿಂದ ಏನ್ ಏಳತೈತಿ? ಕೋಟ?"

ಅವ್ವ ಕುಂಚ ಕೆಳಗಿಡಲಿಲ್ಲ. "ಅಂವ ಎಲ್ಲಿ ಅದಾನ ಅಂತ ನನಗ ಗೊತ್ತಿಲ್ಲವಾ. ಮಾಡಿದವಗ ಗೊತ್ತೈತಿ. ನದಿ ಅವನ್ದು, ಮೀನಾನೂ ಅವನ್ದು. ಏನಿಲ್ಲದಾಗ ಒಮ್ಮಿ ಮಾಡ್ಯಾನಲ್ಲ, ಇನ್ನೊಮ್ಮಿ ಮಾಡಾಕ ಅವಗೇನ್ ಕೋಟ ಬೇಕನ? ನೀ ಆ ಮೂಲಿಗೆ ಬಳಿ," ಎಂದಳು.

ಆ ರಾತ್ರಿಯ ಊಟಕ್ಕೆ ಮೀನು ಮಾಡಿ, ಎದ್ದುಬಂದ ಕರ್ತ ಕೆರೆಯ ದಂಡೆಯಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಗೆಳೆಯರನ್ನು ನಾಷ್ಟಾಕ್ಕೆ ಕರೆದ ಕಥೆ ಹೇಳುತ್ತ ನನ್ನ ಬಾಯಿಗಿಟ್ಟಳು. ತಿಂದೆ. ಅಂದಿನಿಂದ ನನಗೆ ಪುನರುತ್ಥಾನ ಎಂದರೆ ಹಾಡು ಹೇಳುವ ದೆವ್ವಗಳ ಗುಂಪಲ್ಲ. ಹಸಿವಾಗುವ ಮೈ, ತಿನ್ನುವ ಬಾಯಿ, ಗುರುತು ಸಿಗುವ ಮುಖ.

ಹಾಗಾಗಿ ಚೈತನ್ಯಾಳಿಗೆ ಹೌದು ಎನ್ನು. ಪೆಟ್ಟಿಗೆಯಿಂದಲೂ ಏಳುತ್ತಾನೆ, ನೀರಿನಿಂದಲೂ ಏಳುತ್ತಾನೆ. ನೀನು ಯಾವ ದಾರಿಯನ್ನೂ ಮುಚ್ಚಲಿಲ್ಲ. ಅಷ್ಟು ದೊಡ್ಡ ಕೈ ನಿನ್ನದಲ್ಲ.

ಇದನ್ನು ಹೋದ ವರ್ಷವೇ ಬರೆಯಬಹುದಿತ್ತು. ಬರೆಯಲಿಲ್ಲ. ತಲೆಗೆ ಎಲ್ಲ ಗೊತ್ತು, ಐವತ್ತು ವರ್ಷ ಸಂಡೇ ಸ್ಕೂಲಿನ ಮಕ್ಕಳಿಗೆ ಕಲಿಸಿದ್ದೇನೆ. ಎದೆ ಮಾತ್ರ ಕೇಳುತ್ತಿಲ್ಲ. ಬೆಳಿಗ್ಗೆ ಎದ್ದರೆ ಅದೇ ಚಡಪಡಿಕೆ. ಅದಕ್ಕೇ ಈಗ ಒಂದನ್ನು ನೇರವಾಗಿ ಕೇಳುತ್ತೇನೆ. ಡಾಕ್ಟರು ನನ್ನ ಹೃದಯದ ಒಂದು ವಾಲ್ವು ಸರಿಯಿಲ್ಲ ಎಂದಿದ್ದಾರೆ. ತಿಳಿಯದೆ ಹೋಗಲು ನನಗಿಷ್ಟವಿಲ್ಲ. ಆ ಮಧ್ಯಾಹ್ನ ನಿಜವಾಗಿ ಏನಾಯಿತು ಸೌಜನ್ಯಾ?

ನಿನ್ನ ಅತ್ತೆ
ಕುಮುದಾ

*

ರೆಡೊಂಡೊ ಬೀಚ್
27 ಫೆಬ್ರವರಿ 2022

ಅತ್ತೆಯವರಿಗೆ,

ಒಂದೂವರೆ ತಿಂಗಳಿಂದ ಈ ಕಾಗದವನ್ನು ತಲೆಯಲ್ಲಿ ಬರೆಯುತ್ತಿದ್ದೇನೆ. ಇವತ್ತು ಬರೆದು, ಮತ್ತೆ ಓದದೆ, ನಡೆದುಕೊಂಡು ಹೋಗಿ ಪೋಸ್ಟ್ ಮಾಡುತ್ತೇನೆ.

ಕೀರ್ತನೆ ಸುಳ್ಳು. ಕರುಣ ಏನೂ ಹೇಳಿಕೊಳ್ಳಲಿಲ್ಲ. ಹೇಳಿದರೆ ನಿಮಗೆ ಸಮಾಧಾನವಾಗಬಹುದು ಎಂದು ನಾನೇ ಕಟ್ಟಿದೆ. ಆರು ವಚನ ಇವೆ ಅಂತ ಗೂಗಲ್ ಮಾಡಿ ನೋಡಿಕೊಂಡೆ, ನೋಡಿ ಎಂಥವಳು ನಾನು.

ನಡೆದದ್ದು ಇದು. ನರ್ಸ್ ಟ್ಯಾಬ್ಲೆಟ್ ಹಿಡಿದಳು. ಐದು ನಿಮಿಷ ಮಾತ್ರ, ಪಕ್ಕದ ರೂಮಿನವರೂ ಕಾಯುತ್ತಿದ್ದಾರೆ ಎಂದಳು. ಕರುಣನ ಕಣ್ಣು ಆ ಕಡೆ ಈ ಕಡೆ ಓಡುತ್ತಿತ್ತು. ಉಸಿರಿಗೊಂದು ಮಾತು. "ಸೌಜಿ, ಹೆದರಿಕಿ ಆಗಾಕತ್ತೈತಿ," ಎಂದರು. ಹದಿನಾರು ವರ್ಷ ನನ್ನ ಹತ್ತಿರ ಬೆಂಗಳೂರಿನ ಕನ್ನಡ ಮಾತಾಡಿದವರು, ಆ ಹೊತ್ತಿಗೆ ಬೆಟಗೇರಿಯದನ್ನೇ ಆಡಿದರು. ಆಮೇಲೆ "ಅವ್ವ ಎಲ್ಲಿ ಅದಾಳ? ಅವ್ವನ್ನ ಕರಿ," ಎಂದರು. ಎರಡು ಸಲ. ಮೂರನೆಯ ಸಲ ನನಗೆ ಹೇಳಿದ್ದಲ್ಲ. "ಅವ್ವಾ" ಎಂದು ನೇರವಾಗಿ ನಿಮ್ಮನ್ನೇ ಕೂಗಿದರು.

ನನ್ನ ಫೋನಿನಲ್ಲಿ ಇನ್ನೊಬ್ಬರನ್ನು ಆ್ಯಡ್ ಮಾಡುವ ಬಟನ್ ಹೆಬ್ಬೆರಳ ಕೆಳಗೇ ಇತ್ತು. ನಿಮ್ಮ ಹೆಸರು ಮೇಲೆಯೇ ಇತ್ತು. ಒತ್ತಲಿಲ್ಲ. ಆ ಮುಖ ನೋಡಿದರೆ ನೀವು ಬದುಕುವುದಿಲ್ಲ ಎಂದುಕೊಂಡೆ. ಅದು ಅರ್ಧ ನಿಜ. ಇನ್ನರ್ಧ, ಇದ್ದ ಐದು ನಿಮಿಷವನ್ನು ಯಾರ ಜೊತೆಗೂ ಹಂಚಿಕೊಳ್ಳಲು ನನಗೆ ಮನಸ್ಸಿರಲಿಲ್ಲ. "ಬರ್ತಾರೆ ಕಣೋ, ಅವ್ವ ಬರ್ತಿದ್ದಾರೆ," ಎಂದು ಅವರಿಗೂ ಸುಳ್ಳು ಹೇಳಿದೆ. ಅವರು ಬಾಗಿಲ ಕಡೆ ನೋಡಿದರು. ಅಷ್ಟಕ್ಕೇ ನರ್ಸ್ ಸಾರಿ ಎಂದಳು.

ನೀವು ಸುಟ್ಟದ್ದಕ್ಕೆ ಬೈಯುವಾಗೆಲ್ಲ ನನಗೆ ಒಳಗೊಳಗೇ ಸಲೀಸು ಅನ್ನಿಸುತ್ತಿತ್ತು. ಇದಕ್ಕೆ ಬೈಯುತ್ತಿಲ್ಲವಲ್ಲ ಅಂತ. ಕ್ಷಮಿಸಿ ಎಂದು ಬರೆಯಲು ನನಗೆ ಮುಖವಿಲ್ಲ.

ಸೌಜನ್ಯಾ

*

ಮಿರಾ ಮೇಸಾ
9 ಏಪ್ರಿಲ್ 2022

ಸೌಜನ್ಯಾ,

ನಿನ್ನ ಕಾಗದ ಬಂದದ್ದು ಈಸ್ಟರಿನ ಮುಂಚಿನ ತಪಸ್ಸಿನ ಕಾಲ ಶುರುವಾಗುವ ದಿನ. ಹತ್ತಿರ ಹತ್ತಿರ ನಲವತ್ತು ದಿನ ನಿನ್ನನ್ನು ಬೈದಿದ್ದೇನೆ. ಅಡುಗೆಮನೆಯಲ್ಲಿ, ಸ್ನಾನದಲ್ಲಿ, ಪ್ರಾರ್ಥನೆಯ ನಡುವೆ. ಪ್ರಮೀಳಾ ಟೊರ್ರಿ ಪೈನ್ಸಿನ ಲ್ಯಾಬಿಗೆ ಹೋದ ಮೇಲೆ ಮನೆಯಲ್ಲಿ ಗಟ್ಟಿಯಾಗಿಯೇ ಬೈದಿದ್ದೇನೆ. ಕರೆದ ಮಗನಿಗೂ ತಾಯಿಗೂ ನಡುವೆ ನಿನ್ನ ಒಂದು ಹೆಬ್ಬೆರಳು ಅಡ್ಡ ಬಂತಲ್ಲ! ಇದನ್ನು ಬರೆಯದೆ ಮುಂದಿನದನ್ನು ಬರೆದರೆ ಅದೂ ಸುಳ್ಳಾಗುತ್ತಿತ್ತು. ಬರೆದಾಯಿತು.

ಕೀರ್ತನೆ ಸುಳ್ಳೆಂದು ನನಗೆ ಮೊದಲ ಕಾಗದದಲ್ಲಿಯೇ ಅನುಮಾನ ಬಂದಿತ್ತು, ಎರಡನೆಯದರಲ್ಲಿ ಖಾತ್ರಿಯಾಯಿತು. ಕರುಣ ಆ ಕೀರ್ತನೆಯ ಮೂರು ವಚನ ದಾಟಿದವನೇ ಅಲ್ಲ. ನಾಲ್ಕನೆಯದರಲ್ಲಿ ಸಾವಿನ ಕತ್ತಲ ಕಣಿವೆ ಬರುತ್ತದೆ. ಸಂಡೇ ಸ್ಕೂಲಿನಲ್ಲಿ ಅಲ್ಲಿಗೆ ಬಂದರೆ ಬಾಯಿ ಮುಚ್ಚಿ ನಿಂತುಬಿಡುವನು. ಬೆಂಚಿನ ಮೇಲೆ ನಿಲ್ಲಿಸಿದೆ, ಬೆತ್ತದಿಂದ ಕೊಟ್ಟೆ. "ಅದೊಂದು ಬ್ಯಾಡವ್ವಾ, ಅಂಜಿಕಿ ಬರತೈತಿ," ಅನ್ನುವನು. ಟೀಚರ ಮಗನೇ ಹೇಳದಿದ್ದರೆ ಹೇಗೆ ಎಂದು ನನಗೆ ಮಾನದ ಪ್ರಶ್ನೆ. ಅಂಜಿದ ಮಗುವನ್ನು ಹೊಡೆದೆ. ನಾಲ್ಕನೆಯದನ್ನೂ ಹೇಳಿದನೇ ಎಂದು ನಿನ್ನನ್ನು ಕೇಳಿದೆನಲ್ಲ, ನಿನ್ನ ಬಾಯಲ್ಲಿ ಇಲ್ಲ ಎಂಬ ಮಾತು ಬರಲಿ ಅಂತ. ನೀನು ಆರೂ ಎಂದೆ. ಹೋಗಲಿ.

ಅಂಜಿಕೆ ಸಣ್ಣದಲ್ಲ, ಪಾಪವೂ ಅಲ್ಲ. ತನ್ನನ್ನು ಶಿಲುಬೆಗೆ ಹಿಡಿದೊಯ್ಯಲು ಬರುವ ಮುಂಚೆ ಕರ್ತನೂ ತೋಟದಲ್ಲಿ ಅಂಜಿ ಬೆವರಿದ, ಸ್ವಲ್ಪ ಹೊತ್ತು ನನ್ನ ಜೊತೆ ಎಚ್ಚರವಿರಿ ಎಂದು ಗೆಳೆಯರನ್ನು ಬೇಡಿಕೊಂಡ. ಅವರು ಮಲಗಿದರು. ಅಂಜಿದವನನ್ನೇ ದೇವರು ಎಬ್ಬಿಸಿದ್ದು. ಧೈರ್ಯವಂತರಿಗೆ ಮಾತ್ರ ಇದ್ದರೆ ಆ ಬೆಳಗು ನನಗೆ ಬೇಕಿಲ್ಲ, ಅದರಲ್ಲಿ ನನ್ನ ಮಗ ಇರುವುದಿಲ್ಲ.

ಅವನು ಕರೆದ. ನಾನು ಓ ಅನ್ನಲಿಲ್ಲ. ಅದು ಉಳಿದಿದೆ. ಎಲ್ಲರೂ ಏಳುವ ದಿನ ಹಾಡುವವರು ಹಾಡಲಿ, ನಾನು ಮೊದಲು ಓ ಎನ್ನಬೇಕು. ಇಷ್ಟು ತಿಂಗಳಲ್ಲಿ ನನ್ನ ಎದೆಗೆ ಇಳಿದದ್ದು ಇದೊಂದೇ. ಆ ಕರೆಯನ್ನು ನನ್ನಿಂದ ಕಸಿದುಕೊಂಡವಳೂ ನೀನೇ, ತಂದುಕೊಟ್ಟವಳೂ ನೀನೇ. ಇದಕ್ಕೆ ಕ್ಷಮೆ ಅನ್ನುತ್ತಾರೋ ಏನೋ, ನನಗೆ ಇನ್ನೂ ಪೂರ್ತಿ ಬಂದಿಲ್ಲ. ಬರುತ್ತಿದೆ.

ಇಲ್ಲಿ ನನಗೆಂದು ಪ್ರಮೀಳಾ ಒಂದು ಸಮಾಧಿಯ ಜಾಗ ತೆಗೆದಿಟ್ಟಿದ್ದಾಳೆ. ಅವಳ ಕೈಲಿ ವಿಚಾರಿಸಿದೆ. ಅದರೊಳಗೆ ಒಂದು ಪೆಟ್ಟಿಗೆ ಇಡಬಹುದಂತೆ, ನನ್ನನ್ನು ಆಮೇಲೆ ಪಕ್ಕಕ್ಕೆ ಇಡುತ್ತಾರಂತೆ. ಅವನು ಎದ್ದಾಗ ಅವ್ವ ಎಲ್ಲಿ ಎಂದು ಮತ್ತೆ ಕೇಳಬಾರದು. ಹದಿನೇಳನೇ ತಾರೀಖು ಭಾನುವಾರ ಈಸ್ಟರ್. ಸೂರ್ಯ ಹುಟ್ಟುವ ಮೊದಲು ಅಲ್ಲಿರಬೇಕು. ಹಿಂದಿನ ದಿನವೇ ಬಾ. ಓಷನ್‌ಸೈಡ್‌ನಲ್ಲಿ ನಿಲ್ಲಬೇಡ.

ನಿನ್ನ ಅತ್ತೆ
ಕುಮುದಾ

*

ರೆಡೊಂಡೊ ಬೀಚ್
20 ಏಪ್ರಿಲ್ 2022

ಅವ್ವಾ,

ತಲುಪಿದೆವು. ನಿಮ್ಮ ಚಟ್ನಿಪುಡಿ ಕಾರಿನ ತುಂಬ ಚೆಲ್ಲಿದೆ, ಇನ್ನೊಂದು ವರ್ಷ ವಾಸನೆ ಹೋಗುವುದಿಲ್ಲ.

ಎದುರಿಗಿದ್ದಾಗ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಪೆಟ್ಟಿಗೆ ಇಳಿಸಿದ ಮೇಲೆ ನೀವು ನಾಲ್ಕನೆಯ ವಚನ ಒಂದನ್ನೇ ಹೇಳಿದಿರಿ. "ಅವನ ಪರವಾಗಿ ನಾ ಹೇಳ್ತೀನಿ, ಉಳಿದದ್ದು ಅವಗ ಬರತೈತಿ," ಎಂದಿರಿ. ಆಮೇಲೆ ಕೋಲು ಊರಿ ಬಗ್ಗಿ, ಆ ಮಣ್ಣಿನ ಮೇಲೆ ಕೈಯಿಟ್ಟು, "ಓ!" ಎಂದಿರಿ. ಅಷ್ಟು ಗಟ್ಟಿಯಾಗಿ! ಗೇಟಿನ ಹತ್ತಿರ ಹುಲ್ಲಿಗೆ ನೀರು ಬಿಡುತ್ತಿದ್ದವನು ತಿರುಗಿ ನೋಡಿದ. ಆ ದಿನದವರೆಗೆ ಕಾಯುತ್ತೇನೆ ಎಂದು ಬರೆದಿದ್ದಿರಿ. ಕಾಯಲಾಗಲಿಲ್ಲ ಅಲ್ಲವೇ?

ಚೈತನ್ಯಾ ಅತ್ತದ್ದು ಆಗ. ಹದಿನೈದು ತಿಂಗಳಿಗೆ ಮೊದಲ ಸಲ. ವಾಪಸ್ ಬರುವಾಗ, "ಶೀ ಆನ್ಸರ್ಡ್ ಹಿಮ್, ಅಮ್ಮ. ಲೈಕ್ ಹೀ ವಾಸ್ ರೈಟ್ ದೇರ್," ಎಂದಳು.

ನಿಮ್ಮಷ್ಟು ನನಗೆ ನಂಬಿಕೆ ಬಂದಿಲ್ಲ. ಬಂತು ಎಂದರೆ ಇನ್ನೊಂದು ಸುಳ್ಳು. ಕೆಲವು ಬೆಳಿಗ್ಗೆ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಹೋಗುತ್ತದೆ. ಇವತ್ತು ಕಾರು ಹತ್ತಿ ಪಕ್ಕದ ಸೀಟಿಗೆ ಬೆಲ್ಟ್ ಹಾಕಲು ಕೈ ಚಾಚಿದೆ, ಸೀಟು ಖಾಲಿ. ಬೆಲ್ಟನ್ನು ವಾಪಸ್ ಬಿಟ್ಟೆ. ಆಮೇಲೆ, ಇಲ್ಲ, ಅವರು ಎಲ್ಲಿದ್ದಾರೆಂದು ಗೊತ್ತಿದೆ ಎಂದುಕೊಂಡು ಗ್ಲೆಂಡೇಲಿಗೆ ಹೊರಟೆ.

ನಿಮ್ಮ
ಸೌಜನ್ಯಾ

*

ಮಿರಾ ಮೇಸಾ
6 ಮೇ 2022

ಸೌಜನ್ಯಾ,

ವಾಲ್ವಿನ ಆಪರೇಷನ್ ಹನ್ನೆರಡನೇ ತಾರೀಖು ಗುರುವಾರ ಬೆಳಿಗ್ಗೆ ಹತ್ತಕ್ಕೆ. ವಯಸ್ಸಾಗಿದೆ, ಏಳಬಹುದು, ಏಳದೆಯೂ ಇರಬಹುದು ಎಂದು ಡಾಕ್ಟರು ಹೇಳಿದರು. ಹೇಗೂ ಏಳುವವಳೇ ನಾನು, ಯಾವ ಕಡೆ ಅನ್ನುವುದಷ್ಟೇ ಪ್ರಶ್ನೆ ಎಂದೆ. ಪ್ರಮೀಳಾ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಒಪ್ಪಲಿಲ್ಲ.

ಹೀಗೆಲ್ಲ ಜಂಬ ಹೊಡೆಯುತ್ತೇನೆ, ಆದರೆ ಹೆದರಿಕೆ ಆಗುತ್ತಿದೆ. ಇದನ್ನು ಬರೆಯಲು ಎಂಬತ್ತೊಂದು ವರ್ಷ ಬೇಕಾಯಿತು. ನಾನು ಬೆತ್ತದಿಂದ ಹೊಡೆದ ಮಗನೇ ಕಲಿಸಿದ್ದು.

ನೀನು ಆಸ್ಪತ್ರೆಗೆ ಬರಬೇಡ, ಚೈತನ್ಯಾಳ ಪರೀಕ್ಷೆ ಇದೆ. ಒಂದು ಕೆಲಸ ಮಾಡು. ಒಳಗೆ ಕರೆದುಕೊಂಡು ಹೋಗುವ ಮೊದಲು ಪ್ರಮೀಳಾ ಫೋನ್ ಹಚ್ಚಿ ನನ್ನ ಕೈಗೆ ಕೊಡುತ್ತಾಳೆ. ನನಗೆ ಈಚೆಗೆ ಸರಿಯಾಗಿ ಕೇಳಿಸುವುದಿಲ್ಲ. ಧೈರ್ಯ ಹೇಳಬೇಡ, ಪ್ರಾರ್ಥನೆ ಓದಬೇಡ, ಅದು ನಿನಗೆ ಬರುವುದಿಲ್ಲ. ನಾನು ಸೌಜಿ ಎಂದು ಕರೆಯುತ್ತೇನೆ. ನೀನು ಗಟ್ಟಿಯಾಗಿ ಓ ಅನ್ನು.

ನಿನ್ನ
ಅವ್ವ